ಹಿಸ್ಟರಿಯಲ್ಲಿ ಎಂ.ಎ. ಮಾಡಿ ಏನ್ ಮಾಡ್ತೀಯಾ?

ವೀಕ್ಷಕರೇ, ಇವತ್ತು ರಾಜಕಾರಣ ಪಕ್ಕಕ್ಕಿಡೋಣ. ಇವತ್ತಿನ ವಿಷಯ ಒಂದು ಪ್ರಶ್ನೆ. ಡಿಗ್ರಿ ಫಲಿತಾಂಶ ಬರುವ ಹೊತ್ತಿಗೆ ನಾಗಮಂಗಲ ತಾಲ್ಲೂಕಿನ ದೇವಲಾಪುರದಂಥ ಹೋಬಳಿಯ ಎಷ್ಟೋ ಮನೆಗಳ ಜಗಲಿ ಮೇಲೆ ಈ ಪ್ರಶ್ನೆ ಬಂದು ಕೂರುತ್ತೆ. ಮಗಳು ಬಿ.ಎ. ಮುಗಿಸಿದ್ದಾಳೆ. ಮುಂದೇನವ್ವಾ ಅಂದ್ರೆ, ‘ಹಿಸ್ಟರಿಯಲ್ಲಿ ಎಂ.ಎ. ಮಾಡ್ತೀನಿ’ ಅಂತಾಳೆ. ಅಪ್ಪ ಕೇಳ್ತಾರೆ: ‘ಅದನ್ನ ಓದಿ ಏನವ್ವಾ ಮಾಡ್ತೀಯಾ? ಸತ್ತೋದ ರಾಜರನ್ನ ಕಟ್ಕೊಂಡು ನಿಂಗೇನಾಗಬೇಕು?’

ಈ ಪ್ರಶ್ನೆಯನ್ನು ನಗಾಡಬೇಡಿ. ಮಳೆ ನಂಬಿಕೊಂಡು ರಾಗಿ ಬೆಳೆಯುವ ರೈತ, ಸೊಸೈಟಿ ಸಾಲದ ಕಂತು ಕಟ್ಟುವ ರೈತ, ಮಗಳ ಎರಡು ವರ್ಷಕ್ಕೆ ಲೆಕ್ಕ ಕೇಳೋದು ತಪ್ಪಲ್ಲ. ಆದರೆ ಈ ಪ್ರಶ್ನೆಗೆ ನಮ್ಮಲ್ಲಿ ಸಿಗೋದು ಎರಡೇ ಉತ್ತರ. ಒಂದು, ವೇದಿಕೆ ಮೇಲಿನ ಉತ್ತರ: ಇತಿಹಾಸ ಮರೆತವರು ಇತಿಹಾಸ ಸೃಷ್ಟಿಸಲಾರರು. ಚಪ್ಪಾಳೆ ಬೀಳುತ್ತೆ, ಹೊಟ್ಟೆ ತುಂಬಲ್ಲ. ಇನ್ನೊಂದು, ಅಂಗಡಿ ಮುಂದಿನ ಉತ್ತರ: ಆರ್ಟ್ಸ್ ಓದಿದವರಿಗೆ ಕೆಲಸ ಇಲ್ಲ ಬಿಡಿ. ಇದೂ ಪೂರ್ತಿ ನಿಜ ಅಲ್ಲ. ಹಾಗಾದ್ರೆ ನಿಜ ಏನು? ಆ ಎರಡು ವರ್ಷದಲ್ಲಿ ಕಲಿಯೋದೇನು, ಎಲ್ಲಿ ಕಲಿಯಬೇಕು, ಕಲಿತ ಮೇಲೆ ಕೈಗೆ ಏನು ಸಿಗುತ್ತೆ? ಒಂದೊಂದಾಗಿ ನೋಡೋಣ.

ಮೊದಲು, ಕಲಿಯೋದೇನು? ಇಸವಿಗಳ ಪಟ್ಟಿ ಅಂದುಕೊಂಡಿದ್ದೀರಾ? ಯಾರು ಯಾವಾಗ ಪಟ್ಟಕ್ಕೆ ಬಂದ, ಯಾವ ಯುದ್ಧದಲ್ಲಿ ಯಾರು ಸೋತ, ಇದೆಲ್ಲ ಹೈಸ್ಕೂಲಿನ ಪಾಠ. ಎಂ.ಎ. ಇತಿಹಾಸ ಕಲಿಸಬೇಕಾದ್ದು ಒಂದೇ ಪ್ರಶ್ನೆಯನ್ನ: ‘ಇದು ನಿನಗೆ ಹೇಗೆ ಗೊತ್ತು?’

ಉದಾಹರಣೆಗೆ ದೂರ ಹೋಗಬೇಕಿಲ್ಲ. 2023ರ ಮಾರ್ಚ್ ನೆನಪಿದೆಯಾ? ವಿಧಾನಸಭೆ ಚುನಾವಣೆ ಹತ್ತಿರದಲ್ಲಿತ್ತು. ಟಿಪ್ಪು ಸುಲ್ತಾನನನ್ನು ಕೊಂದದ್ದು ಇಂಗ್ಲಿಷರಲ್ಲ, ಉರಿಗೌಡ ಮತ್ತು ನಂಜೇಗೌಡ ಎಂಬ ಇಬ್ಬರು ಒಕ್ಕಲಿಗ ವೀರರು ಅನ್ನೋ ಮಾತು ಮಂಡ್ಯ ಜಿಲ್ಲೆಯಲ್ಲಿ ಕಾಳ್ಗಿಚ್ಚಿನ ಹಾಗೆ ಹಬ್ಬಿತು. ಅವರ ಹೆಸರಿನ ಕಮಾನು ಎದ್ದಿತು. ಆಗ ಸಚಿವರಾಗಿದ್ದ ಮುನಿರತ್ನ ಸಿನಿಮಾ ಮಾಡ್ತೀನಿ ಅಂತ ಹೊರಟರು. ಒಂದು ಕಡೆ ‘ಇದ್ದರು’, ಇನ್ನೊಂದು ಕಡೆ ‘ಇರಲೇ ಇಲ್ಲ’. ಟಿ.ವಿ.ಯಲ್ಲಿ ದಿನವಿಡೀ ಜಗಳ. ಈ ಗದ್ದಲ ನಿಂತದ್ದು ಎಲ್ಲಿ ಗೊತ್ತಾ? ಇದೇ ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿ ಮಠದ ನಿರ್ಮಲಾನಂದನಾಥ ಸ್ವಾಮೀಜಿಯವರ ಮಾತಿನಿಂದ. ಶಾಸನ ಇದ್ದರೆ, ದಾಖಲೆ ಇದ್ದರೆ, ಆ ಕಾಲದ ಬರಹ ಇದ್ದರೆ ಒಟ್ಟುಗೂಡಿಸಿ, ಪರಿಶೀಲನೆ ಆಗಲಿ, ಆಧಾರ ಇಲ್ಲದೆ ಗೊಂದಲ ಬೇಡ ಅನ್ನೋದು ಅವರ ಮಾತಿನ ಸಾರ. ಅವರನ್ನು ಭೇಟಿ ಮಾಡಿ ಬಂದ ಮೇಲೆ ಸಚಿವರು ಸಿನಿಮಾ ಕೈಬಿಟ್ಟರು.

ಸ್ವಾಮೀಜಿ ಕೇಳಿದ್ದು ಏನನ್ನ? ಎಂ.ಎ. ಇತಿಹಾಸದ ಮೊದಲ ತಿಂಗಳ ಪಾಠವನ್ನ.

ಈಗ ಅದೇ ಘಟನೆಯನ್ನ ಇತಿಹಾಸದ ವಿದ್ಯಾರ್ಥಿ ಹೇಗೆ ನೋಡಬೇಕು? 1799ರ ಮೇ 4. ಶ್ರೀರಂಗಪಟ್ಟಣ. ಮಧ್ಯಾಹ್ನ ಇಂಗ್ಲಿಷ್ ಸೈನ್ಯ ಕೋಟೆಗೆ ನುಗ್ಗಿತು. ಟಿಪ್ಪುವಿನ ಶವ ಸಿಕ್ಕಿದ್ದು ರಾತ್ರಿ, ಕೋಟೆ ಬಾಗಿಲೊಂದರ ಬಳಿ, ಹೆಣಗಳ ರಾಶಿಯ ನಡುವೆ. ಇದು ನಮಗೆ ಹೇಗೆ ಗೊತ್ತು? ಆ ಯುದ್ಧದಲ್ಲಿದ್ದ ಅಲೆಕ್ಸಾಂಡರ್ ಬೀಟ್ಸನ್ ಮರುವರ್ಷವೇ, 1800ರಲ್ಲಿ, ಲಂಡನ್ನಿನಲ್ಲಿ ಪುಸ್ತಕ ಪ್ರಕಟಿಸಿದ. ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ ಆಮೇಲೆ ದೊಡ್ಡ ಇತಿಹಾಸವನ್ನೇ ಬರೆದ. ಟಿಪ್ಪು ಕಡೆಯವನಾಗಿದ್ದ ಕಿರ್ಮಾನಿ ಪಾರ್ಸಿಯಲ್ಲಿ ಬರೆದ. ಇಂಗ್ಲಿಷರ ವರದಿಗಳಲ್ಲಿ ಗುಂಡು ಹಾರಿಸಿದವನೊಬ್ಬ ಸೈನಿಕ ಅಂತ ಇದೆ, ಅವನ ಹೆಸರಿಲ್ಲ.

ಹೆಸರಿಲ್ಲದ ಜಾಗ ಕಂಡ್ರೆ ಎಲ್ಲರಿಗೂ ಆಸೆ. ನಮ್ಮವರ ಹೆಸರು ಅಲ್ಲಿ ಕೂರಿಸೋಣ ಅನ್ನೋ ಆಸೆ. ಇತಿಹಾಸದ ವಿದ್ಯಾರ್ಥಿ ಅಲ್ಲಿ ಕೈ ಕಟ್ಟಿ ನಿಲ್ಲಬೇಕು. ಬರೆದವನು ಯಾರು? ಯಾವಾಗ ಬರೆದ? ಕಣ್ಣಾರೆ ಕಂಡನಾ, ಕೇಳಿ ಬರೆದನಾ? ಬರೆಯೋದರಿಂದ ಅವನಿಗೇನು ಲಾಭ? ಇನ್ನೊಬ್ಬನ ಬರಹ ಅದಕ್ಕೆ ಹೊಂದುತ್ತಾ? ಗೆದ್ದವನ ಪುಸ್ತಕದಲ್ಲಿ ಗೆದ್ದವನ ಬಡಾಯಿ ಇರುತ್ತೆ. ಸೋತವನ ಆಸ್ಥಾನದ ಬರಹದಲ್ಲಿ ಸೋತವನ ಮೇಲಿನ ಪ್ರೀತಿ ಇರುತ್ತೆ. ಎರಡನ್ನೂ ಬಿಸಾಕೋ ಹಾಗಿಲ್ಲ, ಎರಡನ್ನೂ ಪೂರ್ತಿ ನಂಬೋ ಹಾಗಿಲ್ಲ. ತೂಗಬೇಕು.

ತೂಗೋದು ಸುಲಭ ಅಲ್ಲ ಸ್ವಾಮಿ. ದೇವಲಾಪುರದಿಂದ ಅಷ್ಟೇನೂ ದೂರವಿಲ್ಲದ ಮೇಲುಕೋಟೆಗೆ ಬನ್ನಿ. ಅಲ್ಲಿನ ಮಂಡಯಂ ಅಯ್ಯಂಗಾರ್ ಮನೆತನಗಳು ನರಕ ಚತುರ್ದಶಿ ಆಚರಿಸಲ್ಲ. ಯಾಕೆ ಅಂದ್ರೆ, ಆ ದಿನ ಟಿಪ್ಪು ನಮ್ಮ ಹಿರಿಯರನ್ನು ಕೊಲ್ಲಿಸಿದ ಅಂತ ತಲೆಮಾರುಗಳಿಂದ ಹೇಳಿಕೊಂಡು ಬಂದಿದ್ದಾರೆ. ಇನ್ನೊಂದು ಕಡೆ ಶೃಂಗೇರಿಗೆ ಹೋಗಿ. 1916ರಲ್ಲಿ ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ ಅವರಿಗೆ ಅಲ್ಲಿ ಕನ್ನಡ ಪತ್ರಗಳ ಒಂದು ಕಟ್ಟು ಸಿಕ್ಕಿತು. ಶೃಂಗೇರಿಯ ಸ್ವಾಮಿಗಳಿಗೆ ಟಿಪ್ಪು ಬರೆಸಿದ ಪತ್ರಗಳು. ಮರಾಠಾ ಸೈನ್ಯದ ಕಡೆಯವರು ಲೂಟಿ ಮಾಡಿದ ಮಠಕ್ಕೆ ನೆರವು ಕೊಡಿಸಿದ ವಿಚಾರ ಅವುಗಳಲ್ಲಿದೆ.

ಒಬ್ಬನೇ ಮನುಷ್ಯ. ಒಂದು ಕಡೆ ಹಬ್ಬವನ್ನೇ ನಿಲ್ಲಿಸಿದ ನೋವು, ಇನ್ನೊಂದು ಕಡೆ ಮಠಕ್ಕೆ ಕೊಟ್ಟ ನೆರವು. ಟಿ.ವಿ. ಚರ್ಚೆಗೆ ಬಂದವರು ಇದರಲ್ಲಿ ತಮಗೆ ಬೇಕಾದ ಒಂದನ್ನ ಎತ್ತಿಕೊಂಡು ಇನ್ನೊಂದನ್ನ ಸುಳ್ಳು ಅಂತಾರೆ. ಇತಿಹಾಸ ಓದಿದವರು ಎರಡನ್ನೂ ಮೇಜಿನ ಮೇಲಿಟ್ಟುಕೊಂಡು ಕೂರಬೇಕು. ಒಂದು ಬಾಯಿಂದ ಬಾಯಿಗೆ ಬಂದ ನೆನಪು, ಇನ್ನೊಂದು ಮೊಹರು ಬಿದ್ದ ಕಾಗದ. ನೆನಪನ್ನ ಪರೀಕ್ಷಿಸುವ ರೀತಿ ಬೇರೆ, ಕಾಗದವನ್ನ ಪರೀಕ್ಷಿಸುವ ರೀತಿ ಬೇರೆ. ರಾಜನೊಬ್ಬ ಕಾಗದ ಬರೆಸೋದಕ್ಕೆ ಭಕ್ತಿ ಕಾರಣವಾಗಿರಬಹುದು, ರಾಜಕೀಯವೂ ಕಾರಣವಾಗಿರಬಹುದು. ಈ ತಾಳ್ಮೆ ಇದೆಯಲ್ಲ, ಇದನ್ನ ಕಲಿಸೋ ಡಿಗ್ರಿ ಇದು. ಇವತ್ತಿನ ಕರ್ನಾಟಕದಲ್ಲಿ ಈ ತಾಳ್ಮೆಗೆ ಎಷ್ಟು ಬರ ಇದೆ ಅಂತ ನಾನು ನಿಮಗೆ ಹೇಳಬೇಕಾ?

‘ಆಯ್ತು, ಅದೆಲ್ಲ ರಾಜರ ವಿಷಯ ಆಯ್ತಲ್ಲ’ ಅಂತೀರಾ? ಸರಿ, ರಾಜರನ್ನ ಬಿಡೋಣ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಒಂದು ಕಲ್ಲು ಸಿಕ್ಕಿತ್ತು. ಕ್ರಿ.ಶ. 949ರ ಆಸುಪಾಸಿನದು. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅದು ಯಾರ ಕಲ್ಲು? ಕಾಳಿ ಎಂಬ ಬೇಟೆನಾಯಿಯ ಕಲ್ಲು. ಗಂಗರ ಬೂತುಗನ ಕಡೆಯ ಮಣಲೇರ ಎಂಬ ವೀರ ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನಿಂದ ಬಹುಮಾನವಾಗಿ ಕೇಳಿ ಪಡೆದ ನಾಯಿ ಅದು. ಒಂದು ದೊಡ್ಡ ಕಾಡುಹಂದಿಯ ಜೊತೆ ಹೋರಾಡಿ ಎರಡೂ ಸತ್ತವು. ಮಣಲೇರ ಕಲ್ಲು ನಿಲ್ಲಿಸಿದ, ಭೂಮಿ ಬಿಟ್ಟ. ಆ ಕಲ್ಲಿಗೆ ಪೂಜೆ ಮಾಡದೆ ಉಂಡರೆ ಪೂಜಾರಿಗೆ ಪಾಪ ಅಂತ ಬರೆಸಿದ. ಅದೇ ಕಲ್ಲಿನಲ್ಲಿ ಚೋಳರ ರಾಜಾದಿತ್ಯ ಸತ್ತ ತಕ್ಕೋಲಂ ಯುದ್ಧದ ವಿವರವೂ ಇದೆ. ದಕ್ಷಿಣ ಭಾರತದ ಒಂದು ದೊಡ್ಡ ಯುದ್ಧವನ್ನ ತಿಳಿಯೋದಕ್ಕೆ ಇರುವ ಮುಖ್ಯ ಆಧಾರಗಳಲ್ಲಿ ಒಂದು, ಮಂಡ್ಯ ಸೀಮೆಯ ಒಂದು ನಾಯಿಯ ಸ್ಮಾರಕ!

ಇನ್ನೂ ಹತ್ತಿರಕ್ಕೆ ಬರ್ತೀನಿ. ನಾಗಮಂಗಲ ತಾಲ್ಲೂಕಿನದೇ ದೇವರಹಳ್ಳಿ. ಅಲ್ಲಿನ ತಾಮ್ರಪಟಗಳು ಗಂಗರ ಶ್ರೀಪುರುಷನ ಕಾಲದವು, ಕ್ರಿ.ಶ. 776. ಕುಂದಾಚ್ಚಿ ಎಂಬ ಹೆಣ್ಣುಮಗಳು ಕಟ್ಟಿಸಿದ ಜಿನಾಲಯಕ್ಕೆ ಒಂದು ಹಳ್ಳಿಯನ್ನು ದತ್ತಿ ಬಿಟ್ಟ ದಾಖಲೆ. ಸುಮಾರು 1,250 ವರ್ಷಗಳ ಹಿಂದೆ ಒಬ್ಬ ಹೆಣ್ಣುಮಗಳು ಕಟ್ಟಡ ಕಟ್ಟಿಸಿದಳು, ಅವಳ ಹೆಸರು ತಾಮ್ರದ ಮೇಲೆ ಉಳಿಯಿತು. ಇವತ್ತು ನಮ್ಮ ಎಷ್ಟು ಹೆಣ್ಣುಮಕ್ಕಳ ಹೆಸರು ಪಹಣಿಯಲ್ಲಿದೆ ಹೇಳಿ?

ಇಂಥ ಕಲ್ಲು, ತಾಮ್ರಗಳನ್ನೆಲ್ಲ ಓದಿ ಕೊಟ್ಟವರು ಯಾರು? ಬಿ.ಎಲ್. ರೈಸ್ 1886ರಿಂದ 1905ರ ನಡುವೆ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 12 ಸಂಪುಟ ತಂದರು. ಸುಮಾರು 9,000 ಶಾಸನ. ಆಮೇಲೆ ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆ ಪರಿಷ್ಕೃತ ಸಂಪುಟಗಳನ್ನು ತಂದಿತು. 6ನೇ ಸಂಪುಟದಲ್ಲಿ ಕೆ.ಆರ್. ಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ. 7ನೇ ಸಂಪುಟದಲ್ಲಿ ನಾಗಮಂಗಲ, ಮಂಡ್ಯ, ಮದ್ದೂರು, ಮಳವಳ್ಳಿ. ನಿಮ್ಮೂರ ಹೆಸರು ಅದರಲ್ಲಿದೆಯಾ ಅಂತ ಯಾವತ್ತಾದ್ರೂ ತೆಗೆದು ನೋಡಿದ್ದೀರಾ? ಹಲ್ಮಿಡಿ ಶಾಸನವನ್ನ 1936ರಲ್ಲಿ ಬೆಳಕಿಗೆ ತಂದ ಡಾ. ಎಂ.ಎಚ್. ಕೃಷ್ಣ ಅವರು ಮೈಸೂರಿನಲ್ಲಿ ಇತಿಹಾಸದ ಮೇಷ್ಟ್ರೂ ಹೌದು, ಪುರಾತತ್ವ ಇಲಾಖೆಯ ನಿರ್ದೇಶಕರೂ ಹೌದು. ಪಾಠ ಮಾಡುವ ಕೈಯೇ ಊರೂರು ತಿರುಗಿ ಕಲ್ಲು ಹುಡುಕುವ ಕೈಯೂ ಆಗಿತ್ತು.

ಕಲ್ಲು ಮಾತ್ರ ಇತಿಹಾಸ ಅಂದುಕೊಳ್ಳಬೇಡಿ. ನಿಮ್ಮ ತಾಲ್ಲೂಕು ಕಚೇರಿಯ ಹಳೇ ಕಡತ ಇತಿಹಾಸ. 1974ರಲ್ಲಿ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂದಾಗ ಗೇಣಿದಾರರು ಹಾಕಿದ ಫಾರಂ ನಂಬರ್ 7 ಇತಿಹಾಸ. ಯಾರು ಅರ್ಜಿ ಹಾಕಿದರು, ಯಾರಿಗೆ ಭೂಮಿ ಸಿಕ್ಕಿತು, ಯಾರು ಹೆದರಿ ಅರ್ಜಿನೇ ಹಾಕಲಿಲ್ಲ? ಇದೊಂದು ಸಂಶೋಧನೆ. ಕನ್ನಂಬಾಡಿ ಕಟ್ಟೆಯ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದು ಮಂಡ್ಯ, ಮದ್ದೂರಿನ ಕಡೆ ಕಬ್ಬು ಬೆಳೆಸಿತು. ಅದೇ ಜಿಲ್ಲೆಯ ನಾಗಮಂಗಲ ಬಹುಕಾಲ ಆಕಾಶ ನೋಡಿಕೊಂಡೇ ಕೂತಿತ್ತು. ನಾಲೆ ಹರಿದ ಊರಿಗೂ ಹರಿಯದ ಊರಿಗೂ ಮದುವೆ, ಸಾಲ, ಗುಳೆ, ಓದು ಹೇಗೆ ಬೇರೆಯಾಯಿತು? ಇದು ಇನ್ನೊಂದು. ಇದನ್ನ ದಿಲ್ಲಿಯವರು ಬಂದು ಬರೀತಾರಾ? ದೇವಲಾಪುರದ ಹುಡುಗಿ ಬರೀಬೇಕು. ಅಜ್ಜಿಯನ್ನ ಕೂರಿಸಿಕೊಂಡು ಕೇಳೋದಕ್ಕೆ ಭಾಷೆ ಅವಳಿಗೆ ಬರುತ್ತೆ, ಪಹಣಿ ಓದೋದು ಅವಳಿಗೆ ಗೊತ್ತು.

ಈಗ ಎರಡನೇ ಪ್ರಶ್ನೆ. ಎಲ್ಲಿ, ಹೇಗೆ ಓದಬೇಕು?

ಎಂ.ಎ. ಅಂದ್ರೆ ಎರಡು ವರ್ಷ, ನಾಲ್ಕು ಸೆಮಿಸ್ಟರ್. ಬಿ.ಎ.ಯಲ್ಲಿ ಇತಿಹಾಸ ಒಂದು ವಿಷಯವಾಗಿದ್ದರೆ ದಾರಿ ಸಲೀಸು. ನಿಮ್ಮ ಭಾಗದವರಿಗೆ ಹತ್ತಿರದ ದೊಡ್ಡ ಜಾಗ ಮೈಸೂರಿನ ಮಾನಸಗಂಗೋತ್ರಿ. ಅಲ್ಲಿ ಒಂದು ವಿಷಯ ಗಮನಿಸಿ: ಇತಿಹಾಸ ಬೇರೆ ವಿಭಾಗ, ಪ್ರಾಚೀನ ಇತಿಹಾಸ ಮತ್ತು ಪುರಾತತ್ವ ಬೇರೆ ವಿಭಾಗ. ಅರ್ಜಿ ಹಾಕುವಾಗ ಎಷ್ಟೋ ಮಕ್ಕಳಿಗೆ ಈ ವ್ಯತ್ಯಾಸವೇ ಗೊತ್ತಿರಲ್ಲ. ಶಾಸನ, ನಾಣ್ಯ, ಉತ್ಖನನ, ದೇವಾಲಯ ವಾಸ್ತು ಇಷ್ಟವಾದರೆ ಎರಡನೆಯದು. ಬ್ರಿಟಿಷರ ಕಾಲ, ಸ್ವಾತಂತ್ರ್ಯ ಹೋರಾಟ, ರೈತರು, ಏಕೀಕರಣ ಇಷ್ಟವಾದರೆ ಮೊದಲನೆಯದು. ಶಾಸನವನ್ನೇ ಹಿಡಿದು ಹೋಗುವವರಿಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ಹಂಪಿಯ ಕನ್ನಡ ವಿಶ್ವವಿದ್ಯಾಲಯಗಳೂ ಇವೆ.

ಮೈಸೂರಿನ ಲಾಭ ಏನು ಗೊತ್ತಾ? ಕ್ಲಾಸ್‌ರೂಮಿನ ಹೊರಗಿದೆ ಆ ಲಾಭ. ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಶಾಸನ ವಿಭಾಗದ ಕೇಂದ್ರ ಕಚೇರಿ ಮೈಸೂರಿನಲ್ಲಿದೆ. ರಾಜ್ಯ ಪತ್ರಾಗಾರ ಇಲಾಖೆಯ ವಿಭಾಗೀಯ ಕಚೇರಿ ಮೈಸೂರಿನಲ್ಲಿದೆ. 1891ರಲ್ಲಿ ಶುರುವಾದ ಪ್ರಾಚ್ಯವಿದ್ಯಾ ಸಂಶೋಧನಾಲಯ ಮೈಸೂರಿನಲ್ಲಿದೆ. ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದು, 1909ರಲ್ಲಿ ಜಗತ್ತಿಗೆ ಪುಸ್ತಕವಾಗಿ ಸಿಕ್ಕಿದ್ದು ಅಲ್ಲಿಂದಲೇ. ಎರಡು ವರ್ಷ ಮೈಸೂರಿನಲ್ಲಿದ್ದೂ ಈ ಮೂರು ಬಾಗಿಲಲ್ಲಿ ಒಂದನ್ನಾದರೂ ತಟ್ಟದೆ ಎಂ.ಎ. ಮುಗಿಸಿದರೆ, ಹೊಳೆ ದಂಡೆಯಲ್ಲಿ ಮನೆ ಮಾಡಿ ಸ್ನಾನ ಮಾಡದೇ ಬಂದ ಹಾಗೆ.

ಖರ್ಚು? ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಮೆಡಿಕಲ್, ಇಂಜಿನಿಯರಿಂಗ್ ಹಾಗೆ ಜಮೀನು ಮಾರಬೇಕಿಲ್ಲ. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗದವರಿಗೆ ಹಾಸ್ಟೆಲ್, ವಿದ್ಯಾರ್ಥಿವೇತನ ಇದೆ. ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯ ಬಸ್ಸು ಇದೆ. ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ಮೈಸೂರಿಗೆ ಹೋಗಿ ಬರೋದಕ್ಕೆ ಟಿಕೆಟ್ ದುಡ್ಡಿಲ್ಲ. ಮನೆ ಬಿಡೋಕೆ ಆಗದವರಿಗೆ, ಕೆಲಸದಲ್ಲಿರುವವರಿಗೆ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಇದೆ. ಯುಜಿಸಿ ಮಾನ್ಯತೆ ಇರುವ ದೂರಶಿಕ್ಷಣದ ಡಿಗ್ರಿ ರೆಗ್ಯುಲರ್ ಡಿಗ್ರಿಗೆ ಸಮಾನ ಅಂತ ಯುಜಿಸಿಯೇ ಸ್ಪಷ್ಟಪಡಿಸಿದೆ. ಒಂದೇ ಎಚ್ಚರ. ಯಾವ ವಿಶ್ವವಿದ್ಯಾಲಯವೇ ಆಗಲಿ, ದುಡ್ಡು ಕಟ್ಟುವ ಮೊದಲು ಆ ವರ್ಷಕ್ಕೆ, ಆ ಕೋರ್ಸಿಗೆ ಮಾನ್ಯತೆ ಇದೆಯಾ ಅಂತ ನೋಡಿ. ಮಾನ್ಯತೆಯ ಗೊಂದಲದಲ್ಲಿ ಸಿಕ್ಕಿಕೊಂಡು ನಮ್ಮ ರಾಜ್ಯದ ಸಾವಿರಾರು ಮಕ್ಕಳು ವರ್ಷಗಟ್ಟಲೆ ಒದ್ದಾಡಿದ್ದನ್ನ ನೋಡಿದ್ದೀವಿ.

ಇನ್ನು ಭಾಷೆ. ಕನ್ನಡ ಮಾಧ್ಯಮದ ಮಕ್ಕಳೇ, ಇದನ್ನ ಕಿವಿಗೊಟ್ಟು ಕೇಳಿ. ನೀವು ಎಂ.ಎ. ಪರೀಕ್ಷೆಯನ್ನ ಕನ್ನಡದಲ್ಲಿ ಬರೆಯಬಹುದು. ಆದರೆ ಓದು ಕನ್ನಡಕ್ಕೇ ನಿಂತರೆ ಕಷ್ಟ. ಬೀಟ್ಸನ್ ಇಂಗ್ಲಿಷ್, ವಿಲ್ಕ್ಸ್ ಇಂಗ್ಲಿಷ್, ರೈಸ್ ಇಂಗ್ಲಿಷ್. ಯುಜಿಸಿ ನೆಟ್ ಪರೀಕ್ಷೆಯ ಇತಿಹಾಸದ ಪ್ರಶ್ನೆಪತ್ರಿಕೆ ಬರೋದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಇದು ನ್ಯಾಯನಾ ಅಂತ ಜಗಳ ಆಡೋಣ, ಆಡಲೇಬೇಕು. ಆದರೆ ಜಗಳ ಮುಗಿಯೋವರೆಗೆ ದಿನಕ್ಕೆ ಹತ್ತು ಪುಟ ಇಂಗ್ಲಿಷ್ ಓದಿ. ಇದಕ್ಕೆ ಉಲ್ಟಾ ಮಾತೂ ಇದೆ. ಇಂಗ್ಲಿಷ್ ಮಾಧ್ಯಮದ ಎಷ್ಟೋ ಮಕ್ಕಳಿಗೆ ಹಳಗನ್ನಡ ಲಿಪಿ ಓದೋಕೆ ಬರಲ್ಲ. ಹಳಗನ್ನಡ ಲಿಪಿಯನ್ನೋ, ಮರಾಠರ ಮೋಡಿ ಲಿಪಿಯನ್ನೋ, ಪಾರ್ಸಿಯನ್ನೋ ಒಂದನ್ನ ಕಲಿತವರನ್ನ ಈ ರಾಜ್ಯದಲ್ಲಿ ಹುಡುಕಿಕೊಂಡು ಬರೋ ಪರಿಸ್ಥಿತಿ ಇದೆ. ಟಿಪ್ಪು ಬಗ್ಗೆ ಬಾಯಿಗೆ ಬಂದದ್ದು ಹೇಳುವವರಲ್ಲಿ ಅವನ ಆಡಳಿತದ ಪಾರ್ಸಿಯನ್ನ ಒಂದು ಸಾಲು ಓದಬಲ್ಲವರು ಎಷ್ಟು ಜನ?

ಮೂರನೇ ಪ್ರಶ್ನೆಗೆ ಬಂದೆ. ಅಪ್ಪನ ಪ್ರಶ್ನೆ. ಕೆಲಸ?

ಮೊದಲು ಒಂದು ಭ್ರಮೆ ಕಳಚೋಣ. ಐಎಎಸ್, ಕೆಎಎಸ್ ಬರೆಯೋದಕ್ಕೆ ಎಂ.ಎ. ಬೇಕಿಲ್ಲ. ಯಾವುದೇ ಡಿಗ್ರಿ ಸಾಕು. ಯುಪಿಎಸ್‌ಸಿ ಮುಖ್ಯ ಪರೀಕ್ಷೆಯಲ್ಲಿ ಇತಿಹಾಸವನ್ನ ಐಚ್ಛಿಕವಾಗಿ ತಗೊಂಡರೆ ಎರಡು ಪತ್ರಿಕೆ, ಒಟ್ಟು 500 ಅಂಕ, ಅದನ್ನ ಕನ್ನಡದಲ್ಲೂ ಬರೆಯಬಹುದು. ಎಂ.ಎ. ಓದು ಅದಕ್ಕೆ ನೆರವಾಗುತ್ತೆ, ಆದರೆ ಅದೇ ಬಾಗಿಲಲ್ಲ. ಹೈಸ್ಕೂಲ್ ಮೇಷ್ಟ್ರಾಗೋದಕ್ಕೂ ಬಿ.ಎ., ಬಿ.ಎಡ್. ಮುಖ್ಯ, ಎಂ.ಎ. ಕಡ್ಡಾಯ ಅಲ್ಲ.

ಎಂ.ಎ. ನಿಜವಾಗಿ ಬೇಕಾಗೋದು ಎಲ್ಲಿ? ಒಂದು, ಪಿಯು ಕಾಲೇಜು ಉಪನ್ಯಾಸಕರ ಹುದ್ದೆ. ಅದಕ್ಕೆ ಎಂ.ಎ.ಯಲ್ಲಿ ಶೇ. 55 ಅಂಕ, ಜೊತೆಗೆ ಬಿ.ಎಡ್. ಅಂದ್ರೆ ಲೆಕ್ಕ ಹಾಕಿ: ಎರಡು ವರ್ಷ ಎಂ.ಎ., ಎರಡು ವರ್ಷ ಬಿ.ಎಡ್., ಒಟ್ಟು ನಾಲ್ಕು ವರ್ಷ. ಎರಡು, ಡಿಗ್ರಿ ಕಾಲೇಜಿನ ಸಹಾಯಕ ಪ್ರಾಧ್ಯಾಪಕ ಹುದ್ದೆ. ಅದಕ್ಕೆ ಶೇ. 55 ಅಂಕ, ಮೀಸಲಾತಿ ವರ್ಗಗಳಿಗೆ ನಿಯಮದಂತೆ ಶೇ. 5 ರಿಯಾಯಿತಿ, ಜೊತೆಗೆ ನೆಟ್ ಅಥವಾ ಕೆ-ಸೆಟ್ ಪಾಸಾಗಿರಬೇಕು. ಪಿಎಚ್.ಡಿ. ಕಡ್ಡಾಯ ಅಲ್ಲ ಅಂತ 2023ರಲ್ಲಿ ಯುಜಿಸಿ ಹೇಳಿದೆ. ಮೂರು, ನೆಟ್‌ನಲ್ಲಿ ಒಳ್ಳೆ ಅಂಕ ಬಂದು ಜೆಆರ್‌ಎಫ್ ಸಿಕ್ಕರೆ ಪಿಎಚ್.ಡಿ. ಮಾಡುವಾಗ ತಿಂಗಳಿಗೆ 37,000 ರೂಪಾಯಿ ಫೆಲೋಶಿಪ್. ಹಳ್ಳಿಯ ಮನೆಗೆ ಇದು ಸಣ್ಣ ದುಡ್ಡಲ್ಲ. ಓದಿನಿಂದಲೇ ಸಂಬಳ. ನಾಲ್ಕು, ಪುರಾತತ್ವ. ಗ್ರೇಟರ್ ನೋಯ್ಡಾದ ಪಂಡಿತ್ ದೀನದಯಾಳ್ ಉಪಾಧ್ಯಾಯ ಪುರಾತತ್ವ ಸಂಸ್ಥೆಯಲ್ಲಿ ಎರಡು ವರ್ಷದ ಸ್ನಾತಕೋತ್ತರ ಡಿಪ್ಲೊಮಾ ಇದೆ. ಸೀಟು ಬೆರಳೆಣಿಕೆಯಷ್ಟು, ಪೈಪೋಟಿ ಇಡೀ ದೇಶದ್ದು. ಐದು, ವಸ್ತುಸಂಗ್ರಹಾಲಯ, ಪತ್ರಾಗಾರ, ಪ್ರವಾಸೋದ್ಯಮ. ಹುದ್ದೆ ಕಡಿಮೆ, ಅಧಿಸೂಚನೆ ಬರೋದು ಇನ್ನೂ ಕಡಿಮೆ.

ಇಲ್ಲಿಗೆ ನಿಲ್ಲಿಸಿದರೆ ಕೋಚಿಂಗ್ ಸೆಂಟರಿನ ಜಾಹೀರಾತು ಆಗುತ್ತೆ. ಆದ್ದರಿಂದ ಕಹಿಯನ್ನೂ ಹೇಳಿಬಿಡ್ತೀನಿ. 2023ರ ಕೊನೆಯಲ್ಲಿ ಸರ್ಕಾರಿ ಡಿಗ್ರಿ ಕಾಲೇಜುಗಳ ಅತಿಥಿ ಉಪನ್ಯಾಸಕರು ತರಗತಿ ಬಿಟ್ಟು ಬೀದಿಯಲ್ಲಿ ಕೂತದ್ದನ್ನ ನೀವೆಲ್ಲ ಟಿ.ವಿ.ಯಲ್ಲಿ ನೋಡಿದ್ದೀರಿ. ಕೇಳಿದ್ದೇನು? ಸೇವಾ ಭದ್ರತೆ. ಅವರೆಲ್ಲ ಸ್ನಾತಕೋತ್ತರ ಪದವಿ ಓದಿದವರೇ, ಎಷ್ಟೋ ಜನ ಪಿಎಚ್.ಡಿ. ಮುಗಿಸಿದವರು. ಹತ್ತು, ಹದಿನೈದು ವರ್ಷ ಪಾಠ ಮಾಡಿದವರು. ಪ್ರತಿವರ್ಷ ಕಾಲೇಜು ಶುರುವಾದಾಗ ಮತ್ತೆ ಅರ್ಜಿ, ಮತ್ತೆ ಕೌನ್ಸೆಲಿಂಗ್, ಮತ್ತೆ ಅದೇ ಅತಿಥಿ. ಹತ್ತು ವರ್ಷ ಮನೇಲಿದ್ದವನನ್ನ ಯಾರಾದರೂ ಅತಿಥಿ ಅಂತಾರಾ? ಖಾಲಿ ಹುದ್ದೆಗಳನ್ನ ತುಂಬದೆ, ಅತಿಥಿ ಹೆಸರಲ್ಲಿ ಕಾಲೇಜು ನಡೆಸೋದು ಯಾವ ಪಕ್ಷದ ಸರ್ಕಾರ ಬಂದರೂ ಬದಲಾಗದ ನೀತಿ. ಇದು ಆ ಮಕ್ಕಳ ತಪ್ಪಲ್ಲ, ಇತಿಹಾಸದ ತಪ್ಪೂ ಅಲ್ಲ. ಆದರೆ ಈ ದಾರಿ ಹಿಡಿಯುವ ಮೊದಲು ಇದು ಗೊತ್ತಿರಬೇಕು.

ಹಾಗಾಗಿ ನನ್ನ ಮಾತು ನೇರ. ಬಿ.ಎಡ್. ಸೀಟು ಸಿಗಲಿಲ್ಲ, ಮದುವೆ ಗೊತ್ತಾಗೋವರೆಗೆ ಒಂದು ಡಿಗ್ರಿ ಇರಲಿ, ಹಾಸ್ಟೆಲ್ ಸಿಗುತ್ತೆ, ಸುಮ್ನೆ ಕೂರೋದಕ್ಕಿಂತ ವಾಸಿ ಅನ್ನೋ ಕಾರಣಕ್ಕೆ ಎಂ.ಎ. ಇತಿಹಾಸಕ್ಕೆ ಹೋಗಬೇಡಿ. ಗೈಡ್ ಓದಿ, ನೋಟ್ಸ್ ಜೆರಾಕ್ಸ್ ಮಾಡಿಸಿ ಪಾಸಾದ ಎಂ.ಎ.ಗೆ ಮಾರುಕಟ್ಟೆಯಲ್ಲಿ ಬೆಲೆ ಇಲ್ಲ. ಅದನ್ನ ಒಂದು ಕಸುಬು ಅಂತ ಕಲಿಯೋದಾದರೆ ಹೋಗಿ. ನಾಗಮಂಗಲದಲ್ಲಿ ಲೋಹದ ವಿಗ್ರಹ ಎರಕ ಹೊಯ್ಯುವ ಕಸುಬುದಾರರಿದ್ದಾರೆ. ಮೇಣ, ಮಣ್ಣು, ಬೆಂಕಿ ಮೂರೂ ಕೈಗೆ ಒಗ್ಗದೆ ವಿಗ್ರಹ ಆಗಲ್ಲ. ಇತಿಹಾಸವೂ ಹಾಗೇನೇ. ಒಂದು ಲಿಪಿ, ಒಂದು ಪತ್ರಾಗಾರ, ಒಂದು ಪ್ರದೇಶ. ಈ ಮೂರು ಕೈಗೆ ಬರಬೇಕು. ಬಂದರೆ ಹುದ್ದೆಯ ಸಾಲಿನಲ್ಲಿ ನೀವು ಸಾವಿರದಲ್ಲಿ ಒಬ್ಬರಾಗಿ ನಿಲ್ಲಲ್ಲ, ಹತ್ತರಲ್ಲಿ ಒಬ್ಬರಾಗಿ ನಿಲ್ತೀರಿ.

ಅಪ್ಪಂದಿರಿಗೆ ಒಂದು ಮಾತು. ಮಗಳಿಗೆ ‘ಹೋಗು’ ಅಂದರೆ ಎರಡು ವರ್ಷಕ್ಕೆ ಅನ್ನಬೇಡಿ. ನೆಟ್ಟೋ, ಬಿ.ಎಡ್ಡೋ ಸೇರಿಸಿ ನಾಲ್ಕು ವರ್ಷ ಅಂತ ಮನಸ್ಸು ಮಾಡಿಕೊಳ್ಳಿ. ನಡುವೆ ಗಂಡು ನೋಡೋಕೆ ಶುರು ಮಾಡಿ ಮೂರನೇ ಸೆಮಿಸ್ಟರಿನಲ್ಲಿ ಓದು ನಿಲ್ಲಿಸಿದರೆ ನಿಮ್ಮ ದುಡ್ಡೂ ಹೋಯ್ತು, ಅವಳ ವಿದ್ಯೆಯೂ ಹೋಯ್ತು.

ಇದಕ್ಕೆಲ್ಲ ಯಾಕೆ ಇಷ್ಟು ಅವಸರ ಅಂದ್ರೆ, ವೀಕ್ಷಕರೇ, ಓದಬೇಕಾದ ಪುಸ್ತಕವೇ ಕಣ್ಣೆದುರು ಕರಗ್ತಾ ಇದೆ. ಹಳ್ಳಿಗಳಲ್ಲಿ ವೀರಗಲ್ಲು ಬಟ್ಟೆ ಒಗೆಯುವ ಕಲ್ಲಾಗಿದೆ. ಜೀರ್ಣೋದ್ಧಾರದ ಹೆಸರಲ್ಲಿ ಶಾಸನದ ಮೇಲೆ ಆಯಿಲ್ ಪೇಂಟ್ ಬೀಳುತ್ತೆ. ನಿಧಿ ಆಸೆಗೆ ಮಾಸ್ತಿಕಲ್ಲಿನ ಬುಡ ಅಗೀತಾರೆ. ಕಚೇರಿ ಬದಲಾಯಿಸುವಾಗ ಹಳೇ ಕಡತ ರದ್ದಿಗೆ ಹೋಗುತ್ತೆ. ಕನ್ನಂಬಾಡಿಯಲ್ಲಿ ಮುಳುಗಿದ ಊರುಗಳ ಮಾತು ಹಿರಿಯರ ಬಾಯಲ್ಲಿ ಕೊನೆಯ ಹಂತದಲ್ಲಿದೆ. ಓದೋದಕ್ಕೆ ಬರುವವರು ಊರಲ್ಲಿ ಒಬ್ಬರಿದ್ದರೂ ‘ಏಯ್, ಅದನ್ನ ಮುಟ್ಟಬೇಡ್ರೋ’ ಅಂತ ಹೇಳೋರು ಇರ್ತಾರೆ. ಯಾರೂ ಇಲ್ಲದ ಊರಿನಲ್ಲಿ ನಾಳೆ ಯಾವ ಕಥೆ ಬೇಕಾದ್ರೂ ಕಟ್ಟಬಹುದು, ಯಾರ ಮೇಲೆ ಯಾರನ್ನ ಬೇಕಾದ್ರೂ ಎತ್ತಿಕಟ್ಟಬಹುದು. ಇಲ್ಲ ಅನ್ನೋದಕ್ಕೆ ಕಲ್ಲೂ ಇರಲ್ಲ, ಕಾಗದವೂ ಇರಲ್ಲ.

ಕೊನೆಗೆ, ಅರ್ಜಿ ಹಾಕಬೇಕೋ ಬೇಡವೋ ಅಂತ ಯೋಚಿಸ್ತಿರುವ ಮಕ್ಕಳಿಗೆ ಒಂದು ಪರೀಕ್ಷೆ ಕೊಡ್ತೀನಿ. ಫೀಸ್ ಇಲ್ಲ. ನಿಮ್ಮ ಹೋಬಳಿಯಲ್ಲಿ ಒಂದು ಕಲ್ಲನ್ನೋ, ಒಂದು ಕೆರೆಯನ್ನೋ, ಒಂದು ಹಳೇ ಕ್ರಯಪತ್ರವನ್ನೋ ಆರಿಸಿಕೊಳ್ಳಿ. ಹತ್ತಿರದ ಕಾಲೇಜು ಲೈಬ್ರರಿಯಲ್ಲಿ ಶಾಸನ ಸಂಪುಟ ಕೇಳಿ ನೋಡಿ. ಊರಿನ ಮೂರು ಜನ ಹಿರಿಯರನ್ನ, ಬೇರೆ ಬೇರೆ ಜಾತಿಯವರನ್ನ, ಅದರಲ್ಲಿ ಒಬ್ಬರಾದರೂ ಹೆಂಗಸರನ್ನ ಮಾತಾಡಿಸಿ. ಆಮೇಲೆ ಎರಡು ಪುಟ ಬರೆಯಿರಿ. ಪ್ರತಿ ವಾಕ್ಯದ ಎದುರು ‘ಇದು ನನಗೆ ಹೇಗೆ ಗೊತ್ತು’ ಅಂತ ಪೆನ್ಸಿಲ್‌ನಲ್ಲಿ ಗುರುತು ಹಾಕಿ. ಆಧಾರ ಸಿಗದ ವಾಕ್ಯವನ್ನ ಎಷ್ಟೇ ಚೆನ್ನಾಗಿದ್ದರೂ ಹೊಡೆದು ಹಾಕಿ.

ಆ ಎರಡು ಪುಟ ಬರೆಯುವಾಗ ಬೇಜಾರಾಯಿತಾ? ಬೇರೆ ಕೋರ್ಸು ನೋಡಿಕೊಳ್ಳಿ, ಅದರಲ್ಲಿ ನಾಚಿಕೆ ಏನಿಲ್ಲ. ರಾತ್ರಿ ಊಟ ಮರೆತುಹೋಯಿತಾ? ಹಾಗಾದ್ರೆ ಮಾನಸಗಂಗೋತ್ರಿಯ ಅಧಿಸೂಚನೆ ಯಾವಾಗ ಅಂತ ನೋಡಿ, ಆ ಎರಡು ಪುಟವನ್ನ ಅಪ್ಪನ ಕೈಗೆ ಕೊಟ್ಟು ಓದೋಕೆ ಹೇಳಿ. ಅವರ ಪ್ರಶ್ನೆಗೆ ನೀವು ಕೊಡಬಹುದಾದ ಮೊದಲ ಉತ್ತರ ಅದು.